ಸುನ್ನತಿ, ಸೋಂಕು ಮತ್ತು ಅಂಕಿಗಳ ಸಾಕ್ಷ್ಯ

ಬೆಂಗಳೂರಿನ ಶ್ರೀನಗರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವ ತಾಯಿಯೊಬ್ಬರು ಕೆಲವು ತಿಂಗಳ ಹಿಂದೆ ಒಂದು ಚೀಟಿ ಹಿಡಿದುಕೊಂಡು ಬಂದರು. ಮೂರು ವರ್ಷದ ಮಗನಿಗೆ ಜ್ವರವೆಂದು ನರ್ಸಿಂಗ್ ಹೋಮ್ ಒಂದಕ್ಕೆ ಹೋಗಿದ್ದರಂತೆ. ಅಲ್ಲಿ ಮಗುವನ್ನು ನೋಡಿದ ವೈದ್ಯರು ಶಿಶ್ನದ ಮುಂದೊಗಲು ಹಿಂದಕ್ಕೆ ಸರಿಯುತ್ತಿಲ್ಲ, ‘ಫೈಮೋಸಿಸ್’ ಇದೆ, ಕೊಯ್ದು ತೆಗೆಸಿಬಿಡಿ ಎಂದು ಬರೆದುಕೊಟ್ಟಿದ್ದರು. “ಹೇಗೂ ಒಳ್ಳೆಯದೇ, ಮುಂದೆ ಏಡ್ಸ್ ಗೀಡ್ಸ್ ಬರೋದಿಲ್ಲ” ಎಂಬ ಮಾತೂ ಜೊತೆಗೆ ಬಂದಿತ್ತು. ಮನೆಯಲ್ಲಿ ಅತ್ತೆಯವರು ನಮ್ಮಲ್ಲಿಲ್ಲದ ಪದ್ಧತಿ ಬೇಡವೇ ಬೇಡ ಎಂದು ಹಟ ಹಿಡಿದಿದ್ದರು. “ಸಾರ್, ಇದರಲ್ಲಿ ನಿಜ ಎಷ್ಟು, ಹೆದರಿಸೋದು ಎಷ್ಟು?” ಎಂದು ಅವರು ಕೇಳಿದರು.

ಪ್ರಶ್ನೆ ಚಿಕ್ಕದು. ಉತ್ತರಕ್ಕೆ ಮಾತ್ರ ನೂರೈವತ್ತು ವರ್ಷಗಳ ಲೆಕ್ಕಾಚಾರದ ಕಥೆ ಇದೆ. ಅದರಲ್ಲಿ ಬೆಂಗಳೂರಿನ ದಂಡಿಗೂ ಮೈಸೂರಿನ ತಾಯಂದಿರಿಗೂ ಪಾತ್ರವಿದೆ. ನಾಚಿಕೆಯ ವಿಷಯವೆಂದು ನಾವು ಮನೆಯಲ್ಲಿ ಆಡದೆ ಬಿಟ್ಟ ಮಾತನ್ನು ಬೇರೆ ಯಾರೋ ಅರ್ಧಂಬರ್ಧ ಆಡುತ್ತಾರೆ. ಆದ್ದರಿಂದ ನಾವೇ ಪೂರ್ತಿ ಆಡಿಬಿಡೋಣ.

ಶಿಶ್ನದ ತುದಿಯನ್ನು ಮುಚ್ಚಿರುವ ಸಡಿಲ ಚರ್ಮವೇ ಮುಂದೊಗಲು. ಅದನ್ನು ಕತ್ತರಿಸಿ ತೆಗೆಯುವುದಕ್ಕೆ ಸುನ್ನತಿ, ಸುನ್ನತ್, ಖತ್ನಾ ಎಂಬ ಹೆಸರುಗಳಿವೆ. ಕನ್ನಡ ನಾಡಿನ ಕೆಲವೆಡೆ ‘ಮುಂಜಿ’ ಎಂಬ ಮಾತು ಉಪನಯನಕ್ಕೂ ಸಲ್ಲುತ್ತದೆ, ಸುನ್ನತಿಗೂ ಸಲ್ಲುತ್ತದೆ. ಹುಡುಗನನ್ನು ಸಮುದಾಯದೊಳಕ್ಕೆ ಸೇರಿಸಿಕೊಳ್ಳುವ ಸಂಸ್ಕಾರ ಎಂಬ ಅರ್ಥದಲ್ಲಿ ನಮ್ಮ ಜನ ಎರಡನ್ನೂ ಒಂದೇ ಮಾತಿನಲ್ಲಿ ಕರೆದರು ನೋಡಿ! ಪದ್ಧತಿ ಬಹಳ ಹಳೆಯದು. ಈಜಿಪ್ಟಿನ ಸಕ್ಕಾರಾದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಗೋರಿಯೊಂದರ ಗೋಡೆಯ ಮೇಲೆ ಇದರ ಕೆತ್ತನೆ ಇದೆ. ಈಜಿಪ್ಟಿನವರು ಇದನ್ನು ಶುಚಿಗಾಗಿ ಮಾಡಿಸಿಕೊಳ್ಳುತ್ತಾರೆಂದು ಗ್ರೀಕ್ ಚರಿತ್ರೆಕಾರ ಹೆರೊಡೋಟಸ್ ಬರೆದ. ಯಹೂದಿಗಳಿಗೂ ಮುಸ್ಲಿಮರಿಗೂ ಇದು ಧರ್ಮಾಚರಣೆ. ನಂಬಿಕೆಯ ಆ ಭಾಗ ವಿಜ್ಞಾನದ ತೀರ್ಪಿಗೆ ಬರುವಂಥದ್ದಲ್ಲ. ಶುಚಿ ಮತ್ತು ರೋಗದ ಭಾಗ ಮಾತ್ರ ನಮ್ಮ ಪ್ರಶ್ನೆ.

ನಮ್ಮ ಪ್ರಾಚೀನ ವೈದ್ಯರಿಗೂ ಮುಂದೊಗಲಿನ ತೊಂದರೆ ಗೊತ್ತಿತ್ತು. ಅದು ಬಿಗಿಯಾಗಿ ಮೂತ್ರದ ದಾರಿ ಕಟ್ಟುವುದನ್ನು ಸುಶ್ರುತ ಸಂಹಿತೆ ‘ನಿರುದ್ಧಪ್ರಕಶ’ ಎಂದು ಕರೆಯುತ್ತದೆ. ಅಲ್ಲಿ ಹೇಳಿರುವ ಮೊದಲ ಚಿಕಿತ್ಸೆ ಕತ್ತರಿಯದಲ್ಲ. ಲೋಹ, ಮರ ಅಥವಾ ಅರಗಿನ ಸಣ್ಣ ಕೊಳವೆಗೆ ತುಪ್ಪ ಸವರಿ ಇಟ್ಟು, ಮೂರು ದಿನಕ್ಕೊಮ್ಮೆ ಹೆಚ್ಚು ದಪ್ಪದ ಕೊಳವೆ ಹಾಕುತ್ತಾ ದಾರಿಯನ್ನು ನಿಧಾನವಾಗಿ ಹಿಗ್ಗಿಸುವುದು. ಇದನ್ನು ನೆನಪಿಟ್ಟುಕೊಳ್ಳಿ, ಶ್ರೀನಗರದ ಮಗುವಿನ ಹತ್ತಿರ ಮರಳಿದಾಗ ಬೇಕಾಗುತ್ತದೆ. ಇನ್ನು ಲೈಂಗಿಕ ರೋಗದ ವಿಷಯ. ಸಿಫಿಲಿಸ್ ಭಾರತಕ್ಕೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. 16ನೆಯ ಶತಮಾನದ ಭಾವಮಿಶ್ರ ಅದನ್ನು ‘ಫಿರಂಗ ರೋಗ’ ಎಂದೇ ದಾಖಲಿಸಿದ. ನಮ್ಮ ಹಿರಿಯರ ಬಾಯಲ್ಲಿ ಅದು ಪರಂಗಿ ಹುಣ್ಣು.

ಸುನ್ನತಿಗೂ ಈ ಹುಣ್ಣಿಗೂ ನಂಟಿದೆಯೆಂದು ಅಂಕಿ ಹಿಡಿದು ಹೇಳಿದವನು ಲಂಡನ್ನಿನ ಜೊನಾಥನ್ ಹಚಿನ್ಸನ್. ವರ್ಷ 1855. ತನ್ನ ಆಸ್ಪತ್ರೆಗೆ ಗುಹ್ಯರೋಗದಿಂದ ಬಂದವರಲ್ಲಿ ಯಹೂದಿಗಳನ್ನೂ ಇತರರನ್ನೂ ಬೇರೆಬೇರೆ ಎಣಿಸಿ, ಯಹೂದಿಗಳಲ್ಲಿ ಸಿಫಿಲಿಸ್‌ನ ಪಾಲು ಬಹಳ ಕಡಿಮೆ ಎಂದು ಆತ ತೋರಿಸಿದ. ಸುನ್ನತಿಯೇ ಕಾರಣ ಎಂದ. ಇಲ್ಲಿ ಸ್ವಲ್ಪ ನಿಲ್ಲಿ. ಯಹೂದಿಗಳಿಗೂ ಇತರರಿಗೂ ಇದ್ದ ವ್ಯತ್ಯಾಸ ಆ ಚೂರು ಚರ್ಮ ಒಂದೇ ಆಗಿತ್ತೇ? ಮದುವೆಯ ವಯಸ್ಸು, ಕುಡಿತ, ಮನೆಯ ಕಟ್ಟುಪಾಡು, ಯಾರ ಸಹವಾಸ ಯಾರಿಗೆ ಎನ್ನುವುದು, ಎಲ್ಲವೂ ಬೇರೆಯೇ. ಹೀಗಿರುವಾಗ ರೋಗ ಕಡಿಮೆಯಾದದ್ದು ಯಾವುದರಿಂದ ಎಂದು ಆ ಎಣಿಕೆ ಹೇಳಲಾರದು. ಹಚಿನ್ಸನ್ ಜಾಣ ವೈದ್ಯ, ಆದರೆ ಈ ಗಂಟನ್ನು ಬಿಡಿಸಲು ಅವನ ಬಳಿ ಉಪಾಯವಿರಲಿಲ್ಲ.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಏನಾಗುತ್ತಿತ್ತು? 1809ರಲ್ಲಿ ಇಲ್ಲಿ ಬ್ರಿಟಿಷರ ದಂಡು ನೆಲೆಯೂರಿತ್ತು. ಗೋರಾ ಸಿಪಾಯಿಗಳಲ್ಲಿ ಗುಹ್ಯರೋಗ ವಿಪರೀತ. ಅದನ್ನು ತಡೆಯಲು ಮದ್ರಾಸ್ ಪ್ರಾಂತದ ಇತರ ದಂಡುಗಳಂತೆ ಇಲ್ಲೂ ‘ಲಾಕ್ ಆಸ್ಪತ್ರೆ’ ನಡೆಯುತ್ತಿತ್ತು. 1868ರ ಕಾಯ್ದೆಯ ಪ್ರಕಾರ ವೇಶ್ಯೆಯರು ಹೆಸರು ನೋಂದಾಯಿಸಿಕೊಂಡು ಆಗಾಗ ತಪಾಸಣೆಗೆ ಬರಬೇಕು, ರೋಗವಿದ್ದರೆ ಆಸ್ಪತ್ರೆಯಲ್ಲೇ ಕೂಡಿಹಾಕುತ್ತಿದ್ದರು. ಅವರ ಬಳಿ ಹೋಗುತ್ತಿದ್ದ ಸಿಪಾಯಿಗೆ ಇಂಥ ಕಟ್ಟಳೆ ಇರಲಿಲ್ಲ. ಸೋಂಕಿನ ಸರಪಳಿಯ ಒಂದು ಕೊಂಡಿಯನ್ನು ಮಾತ್ರ ಹಿಡಿದರೆ ಸರಪಳಿ ತುಂಡಾಗುತ್ತದೆಯೇ? ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮುಂತಾದವರ ಹೋರಾಟದ ಫಲವಾಗಿ 1888ರಲ್ಲಿ ಆ ಕಾಯ್ದೆ ರದ್ದಾಯಿತು.

ಆಮೇಲಿನ ಅಂಕಿಗಳು ಇನ್ನೂ ಸ್ವಾರಸ್ಯ. 1895ರಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದಲ್ಲಿ ಸಾವಿರ ಸಿಪಾಯಿಗಳಿಗೆ ವರ್ಷಕ್ಕೆ ಐನೂರಕ್ಕೂ ಹೆಚ್ಚು ಗುಹ್ಯರೋಗದ ದಾಖಲಾತಿಗಳು! 1909ರ ಹೊತ್ತಿಗೆ ಅದು ನೂರರೊಳಕ್ಕೆ ಇಳಿದಿತ್ತು. ಸಿಫಿಲಿಸ್‌ನ ಮೊದಲ ಪರಿಣಾಮಕಾರಿ ಔಷಧಿ ಸಾಲ್ವರ್ಸಾನ್ ಬಂದದ್ದು 1910ರಲ್ಲಿ, ಪೆನಿಸಿಲಿನ್ ಕೊಟ್ಟು ನೋಡಿದ್ದು 1943ರಲ್ಲಿ. ಎಂದರೆ ಔಷಧಿಗೆ ಮುಂಚೆಯೇ ರೋಗ ಇಳಿಯಿತು. ಬರಾಕುಗಳಲ್ಲಿ ತೊಳೆದುಕೊಳ್ಳಲು ಏರ್ಪಾಡು, ತಿಳಿವಳಿಕೆ, ಕುಡಿತಕ್ಕೆ ಕಡಿವಾಣ, ಆಟೋಟ ಎಲ್ಲವನ್ನೂ ಆಗ ತಂದಿದ್ದರು. ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು. ಭಾರತೀಯ ಸಿಪಾಯಿಗಳಲ್ಲಿ ಮೊದಲಿಂದಲೂ ಈ ರೋಗ ಗೋರಾಗಳಿಗಿಂತ ಬಹಳ ಕಡಿಮೆ ಇತ್ತು. ಅವರಲ್ಲಿ ಹೆಚ್ಚಿನವರು ಸುನ್ನತಿ ಆಗದ ಹಿಂದೂಗಳು, ಅನೇಕರು ಸಂಸಾರ ಸಮೇತ ಇದ್ದವರು. ಹಚಿನ್ಸನ್ ಈ ಅಂಕಿಗಳನ್ನು ನೋಡಿದ್ದರೆ ಏನೆನ್ನುತ್ತಿದ್ದನೋ!

ಪಶ್ಚಿಮದಲ್ಲಿ ಮಾತ್ರ ಕತ್ತರಿ ನಿಲ್ಲಲಿಲ್ಲ. ನ್ಯೂಯಾರ್ಕಿನ ಲೂಯಿಸ್ ಸೇಯರ್ ಎಂಬ ದೊಡ್ಡ ಶಸ್ತ್ರವೈದ್ಯ 1870ರಲ್ಲಿ ಸುನ್ನತಿಯಿಂದ ಲಕ್ವ ವಾಸಿಯಾಯಿತೆಂದ. ಹಸ್ತಮೈಥುನ ಬಿಡಿಸಲು, ಮೂರ್ಛೆರೋಗಕ್ಕೆ, ಹೀಗೆ ಸಿಕ್ಕಿದ್ದಕ್ಕೆಲ್ಲ ಅದೇ ಮದ್ದಾಯಿತು. ಈ ಅಬ್ಬರಕ್ಕೆ ತಣ್ಣೀರು ಹಾಕಿದವನು ಡಗ್ಲಸ್ ಗೇರ್ಡ್‌ನರ್. 1949ರಲ್ಲಿ ಆತ ಬರೆದ ಲೇಖನ ಇಂದಿಗೂ ಓದತಕ್ಕದ್ದು. ಹುಟ್ಟಿದ ಗಂಡುಮಗುವಿನ ಮುಂದೊಗಲು ತುದಿಗೆ ಅಂಟಿಕೊಂಡೇ ಇರುತ್ತದೆ, ಅದು ಸಹಜ ಬೆಳವಣಿಗೆಯ ಹಂತ, ರೋಗವಲ್ಲ ಎಂದು ಆತ ತೋರಿಸಿದ. ಬ್ರಿಟನ್ನಿನಲ್ಲಿ ಈ ಶಸ್ತ್ರಕ್ರಿಯೆಯಿಂದ ವರ್ಷಕ್ಕೆ ಸುಮಾರು 16 ಮಕ್ಕಳು ಸಾಯುತ್ತಿದ್ದಾರೆಂದೂ ಲೆಕ್ಕ ಕೊಟ್ಟ. 1968ರಲ್ಲಿ ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲಾ ಬಾಲಕರನ್ನು ವರ್ಷಗಟ್ಟಲೆ ಪರೀಕ್ಷಿಸಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದ. 6-7 ವರ್ಷದವರಲ್ಲಿ ಶೇ. 63ರಷ್ಟು ಮಂದಿಗೆ ಚರ್ಮ ಎಲ್ಲಾದರೂ ಅಂಟಿಕೊಂಡೇ ಇತ್ತು. 16-17ರ ಹೊತ್ತಿಗೆ ಅದು ಶೇ. 3ಕ್ಕೆ ಇಳಿದಿತ್ತು. ಯಾರೂ ಎಳೆಯಲಿಲ್ಲ, ಕೊಯ್ಯಲಿಲ್ಲ, ತಾನಾಗಿ ಬಿಟ್ಟುಕೊಂಡಿತು.

ಇಷ್ಟರಲ್ಲಿ ಭಾರತದ ಆಸ್ಪತ್ರೆಗಳ ಅಂಕಿಗಳು ಇನ್ನೊಂದು ವಾದಕ್ಕೆ ಆಧಾರವಾದವು. ಶಿಶ್ನದ ಕ್ಯಾನ್ಸರ್ ಹಿಂದೂಗಳಲ್ಲಿ ಕಾಣುತ್ತದೆ, ಮುಸ್ಲಿಮರಲ್ಲಿ ಬಲು ಅಪರೂಪ. ಅಮೆರಿಕದ ವೂಲ್‌ಬಾರ್ಸ್ಟ್ 1932ರಲ್ಲಿ ಇದನ್ನು ಎತ್ತಿ ತೋರಿಸಿ, ಮುಂದೊಗಲ ಕೆಳಗೆ ಕೂಡುವ ಬಿಳಿಯ ಕೊಳೆಯೇ ಅಪರಾಧಿ ಎಂದ. ಮುಂದೆ ನಿಜವಾದ ಅಪರಾಧಿಗಳಲ್ಲಿ ಮುಖ್ಯವಾದದ್ದು ಸಿಕ್ಕಿತು. ಅದು ಎಚ್‌ಪಿವಿ ಎಂಬ ವೈರಸ್. ಗರ್ಭಕೋಶದ ಕಂಠದ ಕ್ಯಾನ್ಸರಿಗೂ ಇದೇ ಕಾರಣವೆಂದು ತೋರಿಸಿದ ಹರಾಲ್ಡ್ ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಮುಂದೊಗಲಿನ ಬಿಗಿ ಮತ್ತು ಅದರಿಂದಾಗುವ ಉರಿಯೂತವೂ ಶಿಶ್ನದ ಕ್ಯಾನ್ಸರಿಗೆ ದಾರಿ ಮಾಡುತ್ತವೆ, ಅದು ಸುಳ್ಳಲ್ಲ. ಆದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದು ಬಂದಿರುವ ಕ್ಯಾನ್ಸರ್ ನೋಂದಣಿ ಒಂದು ಕುತೂಹಲದ ಸಂಗತಿ ಹೇಳುತ್ತದೆ. ಮೊದಲು ನಗರದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರೇ ಎಲ್ಲಕ್ಕಿಂತ ಹೆಚ್ಚಿತ್ತು. ಬರಬರುತ್ತ ಅದು ಇಳಿದು ಸ್ತನ ಕ್ಯಾನ್ಸರ್ ಮುಂದಾಯಿತು. ಈ ಇಳಿಕೆ ಲಸಿಕೆಗೂ ಮುಂಚೆಯೇ ಶುರುವಾದದ್ದು, ಗಂಡಸರ ಸುನ್ನತಿಯಿಂದಂತೂ ಆದದ್ದಲ್ಲ. ಮದುವೆಯ ವಯಸ್ಸು ಏರಿತು, ಹೆರಿಗೆಗಳು ಕಡಿಮೆಯಾದವು, ಮನೆಗೆ ನೀರು ಬಂತು.

ಈಗ ಏಡ್ಸ್‌ಗೆ ಬರೋಣ. 1980ರ ದಶಕದ ಆಫ್ರಿಕದಲ್ಲಿ ಕೆಲವು ಪ್ರದೇಶಗಳಲ್ಲಿ ಎಚ್‌ಐವಿ ಧಗಧಗಿಸುತ್ತಿತ್ತು, ಪಕ್ಕದ ಪ್ರದೇಶಗಳಲ್ಲಿ ಮಂದವಾಗಿತ್ತು. ನಕ್ಷೆಯ ಮೇಲಿಟ್ಟು ನೋಡಿದರೆ ಸುನ್ನತಿ ಪದ್ಧತಿ ಇಲ್ಲದ ಕಡೆ ರೋಗ ಹೆಚ್ಚು. 1989ರಲ್ಲಿ ನೈರೋಬಿಯ ಅಧ್ಯಯನವೊಂದು ವೇಶ್ಯೆಯರ ಸಂಪರ್ಕದಿಂದ ಗುಹ್ಯರೋಗ ತಗಲಿ ಚಿಕಿತ್ಸೆಗೆ ಬಂದ ಗಂಡಸರನ್ನು ಗಮನಿಸಿತು. ಸುನ್ನತಿ ಆಗದವರಿಗೆ ಎಚ್‌ಐವಿಯ ಅಪಾಯ ಎಂಟು ಪಟ್ಟು ಹೆಚ್ಚು ಕಂಡಿತು. ಆದರೆ ಹಚಿನ್ಸನ್‌ನ ಗಂಟು ಇನ್ನೂ ಹಾಗೇ ಇತ್ತು. ಸುನ್ನತಿಯಾದವರ ನಡವಳಿಕೆಯೇ ಬೇರೆ ಇದ್ದರೆ?

ಈ ಗಂಟು ಸಡಿಲವಾದದ್ದು ನಮ್ಮ ಪಕ್ಕದ ಪುಣೆಯಲ್ಲಿ. ವಿಜಾಪುರ, ಕಲಬುರಗಿ ಕಡೆಯ ನಮ್ಮವರು ಕೂಲಿಗೆ, ನೌಕರಿಗೆ ಹೋಗುವ ಊರು ಅದು. ಅಲ್ಲಿಯ ಲೈಂಗಿಕ ರೋಗ ಚಿಕಿತ್ಸಾಲಯಗಳಿಗೆ ಬಂದ, ಆಗ ಎಚ್‌ಐವಿ ಇಲ್ಲದಿದ್ದ 2,298 ಗಂಡಸರನ್ನು 1993ರಿಂದ 2000ದವರೆಗಿನ ಅವಧಿಯಲ್ಲಿ ಗಮನಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸುನ್ನತಿಯಾದವರಿಗೆ ಎಚ್‌ಐವಿ ತಗಲುವ ಅಪಾಯ ಉಳಿದವರ ಸುಮಾರು ಏಳನೆಯ ಒಂದು ಪಾಲು. ಸಿಫಿಲಿಸ್, ಗೊನೊರಿಯಾ, ಹರ್ಪಿಸ್ ವಿಷಯದಲ್ಲಿ ಮಾತ್ರ ಇಬ್ಬರಿಗೂ ವ್ಯತ್ಯಾಸವೇ ಇಲ್ಲ.

ಈ ಎರಡನೆಯ ಮಾತಿನಲ್ಲೇ ಜಾಣತನವಿರುವುದು. ನೀವೇ ಯೋಚಿಸಿ. ಸುನ್ನತಿಯಾದವರು ಹೆಚ್ಚು ಸಂಯಮದಿಂದ ಇದ್ದುದರಿಂದ ಎಚ್‌ಐವಿ ಕಡಿಮೆಯಾಗಿದ್ದರೆ, ಅವರಲ್ಲಿ ಸಿಫಿಲಿಸ್ಸೂ ಗೊನೊರಿಯಾವೂ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಎಂದರೆ ನಡವಳಿಕೆ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಚರ್ಮದಲ್ಲೇ ಇದೆ. ಹಚಿನ್ಸನ್‌ಗೆ ಹೊಳೆಯದ ಉಪಾಯ ಇದು.

ಚರ್ಮದಲ್ಲಿ ಏನಿದೆ? ಮುಂದೊಗಲಿನ ಒಳಮೈ ತೆಳು. ಅಂಗೈ ಅಂಗಾಲಿನ ಚರ್ಮದಂತೆ ಅದರ ಮೇಲೆ ಗಡುಸಾದ ಪದರವಿಲ್ಲ. ಎಚ್‌ಐವಿ ಹಿಡಿದುಕೊಳ್ಳಬಲ್ಲ ಲ್ಯಾಂಗರ್‌ಹಾನ್ಸ್ ಕೋಶಗಳೂ ಟಿ ಕೋಶಗಳೂ ಅಲ್ಲಿ ಮೇಲ್ಮೈಗೆ ಹತ್ತಿರ ಇರುತ್ತವೆ. ಕೆಳಗಿನ ತೇವದಲ್ಲಿ ಆಮ್ಲಜನಕ ಬೇಡದ ಬ್ಯಾಕ್ಟೀರಿಯಗಳು ಬೆಳೆದು ಉರಿಯೂತ ತಂದರೆ ಇಂಥ ಕೋಶಗಳು ಇನ್ನೂ ಹೆಚ್ಚು ಬಂದು ಸೇರುತ್ತವೆ. ಗೊನೊರಿಯಾ ರೋಗಾಣು ಹೊಗುವುದು ಮೂತ್ರನಾಳದಿಂದ. ಅದಕ್ಕೆ ಮುಂದೊಗಲು ಇದ್ದರೇನು, ಇಲ್ಲದಿದ್ದರೇನು?

ಕೊನೆಯ ಸಾಕ್ಷ್ಯ ಚೀಟಿ ಎತ್ತಿ ಮಾಡಿದ ಪ್ರಯೋಗಗಳದ್ದು. ಒಪ್ಪಿಬಂದ ಗಂಡಸರಲ್ಲಿ ಅದೃಷ್ಟದ ಮೇಲೆ ಅರ್ಧ ಮಂದಿಗೆ ಈಗಲೇ ಸುನ್ನತಿ, ಉಳಿದವರಿಗೆ ಆಮೇಲೆ. ಎಲ್ಲರಿಗೂ ಕಾಂಡೋಮು, ತಿಳಿವಳಿಕೆ. ದಕ್ಷಿಣ ಆಫ್ರಿಕದ ಆರೆಂಜ್ ಫಾರ್ಮ್‌ನಲ್ಲಿ ಸುನ್ನತಿಯಾದ ಗುಂಪಿನಲ್ಲಿ 20 ಮಂದಿಗೆ ಸೋಂಕು, ಇನ್ನೊಂದರಲ್ಲಿ 49. ಕೀನ್ಯದ ಕಿಸುಮುವಿನಲ್ಲಿ 22 ಮತ್ತು 47. ಉಗಾಂಡದ ರಕಾಯಿಯಲ್ಲಿ 22 ಮತ್ತು 45. ಮೂರು ದೇಶ, ಒಂದೇ ಕಥೆ: ಅಪಾಯ ಅರ್ಧಕ್ಕೆ ಅಥವಾ ಅದಕ್ಕೂ ಸ್ವಲ್ಪ ಕೆಳಕ್ಕೆ ಇಳಿಯುತ್ತದೆ. ಸೊನ್ನೆಯಾಗುವುದಿಲ್ಲ, ಸುನ್ನತಿಯಾದ 20 ಮಂದಿಗೂ ಸೋಂಕು ಬಂದಿತ್ತಲ್ಲ! ಮುಂದಿನ ವಿಶ್ಲೇಷಣೆಗಳಲ್ಲಿ ಹರ್ಪಿಸ್ ಮತ್ತು ಎಚ್‌ಪಿವಿ ಸ್ವಲ್ಪ ಕಡಿಮೆಯಾದದ್ದು ಕಂಡಿತು. ಸಿಫಿಲಿಸ್, ಗೊನೊರಿಯಾಕ್ಕೆ ಪ್ರಯೋಜನ ಕಾಣಲಿಲ್ಲ. ಇನ್ನೂ ಮುಖ್ಯವಾದದ್ದು, ಆಗಲೇ ಎಚ್‌ಐವಿ ಇರುವ ಗಂಡಸಿಗೆ ಸುನ್ನತಿ ಮಾಡಿದ್ದರಿಂದ ಅವನ ಹೆಂಡತಿಗೆ ರಕ್ಷಣೆ ಸಿಗಲಿಲ್ಲ ಎಂದು 2009ರ ಉಗಾಂಡದ ಇನ್ನೊಂದು ಪ್ರಯೋಗ ಹೇಳಿತು. ರಕ್ಷಣೆ ಹೆಣ್ಣಿನಿಂದ ಗಂಡಿಗೆ ಬರುವ ದಾರಿಯಲ್ಲಿ ಮಾತ್ರ.

2007ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪೂರ್ವ ಮತ್ತು ದಕ್ಷಿಣ ಆಫ್ರಿಕದ ದೇಶಗಳಿಗೆ ಸ್ವಯಂಪ್ರೇರಿತ ಸುನ್ನತಿಯನ್ನು ಶಿಫಾರಸು ಮಾಡಿತು. 2019ರ ಕೊನೆಯವರೆಗೆ ಅಲ್ಲಿ ಸುಮಾರು 2.7 ಕೋಟಿ ಮಂದಿಗೆ ಮಾಡಿದರು. ಭಾರತ ಆ ಪಟ್ಟಿಯಲ್ಲಿರಲಿಲ್ಲ.

ಆದರೂ ಪ್ರಶ್ನೆ ಕರ್ನಾಟಕಕ್ಕೆ ಬಂತು. ದೇಶದಲ್ಲಿ ಎಚ್‌ಐವಿ ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ನಮ್ಮದೂ ಒಂದಾಗಿತ್ತಷ್ಟೆ. 2007ರಲ್ಲಿ ಮೈಸೂರಿನ ಚಿಕಿತ್ಸಾಲಯವೊಂದಕ್ಕೆ ಬಂದ, ಗಂಡುಮಕ್ಕಳಿರುವ 795 ತಾಯಂದಿರನ್ನು ಸಂಶೋಧಕರು ಕೇಳಿದರು. ಅವರಲ್ಲಿ ಶೇ. 78ರಷ್ಟು ಹಿಂದೂಗಳು. ಲಾಭ, ಅಪಾಯ ಎರಡನ್ನೂ ವಿವರಿಸಿ, ಸುರಕ್ಷಿತ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡಿದರೆ ಮಗನಿಗೆ ಮಾಡಿಸುತ್ತೀರಾ ಎಂದಾಗ, ಸುನ್ನತಿಯಾಗದ ಮಕ್ಕಳ ತಾಯಂದಿರಲ್ಲಿ ಶೇ. 81ರಷ್ಟು ಮಂದಿ ಖಂಡಿತ ಎಂದರು. ಖಂಡಿತ ಇಲ್ಲ ಎಂದವರು ಎಂಟೇ ಮಂದಿ! ಧರ್ಮ ಅಡ್ಡಬರುತ್ತದೆಂದು ಊಹಿಸಿದ್ದ ನಮ್ಮಂಥವರಿಗೆ ಇದು ಪಾಠ. ಮಗುವಿಗೆ ಒಳ್ಳೆಯದೆಂದು ನಂಬಿಕೆಯಿಂದ ಹೇಳಿದರೆ ನಮ್ಮ ತಾಯಂದಿರು ಬೇಡವೆನ್ನುವುದಿಲ್ಲ. ಅದಕ್ಕೇ ಹೇಳುವವರ ಹೊಣೆ ದೊಡ್ಡದು. ಆಸ್ಪತ್ರೆಯ ಕೋಣೆಯಲ್ಲಿ ಹೂಂ ಎನ್ನುವುದಕ್ಕೂ ಮಗುವನ್ನು ಮೇಜಿನ ಮೇಲೆ ಮಲಗಿಸುವುದಕ್ಕೂ ಅಂತರವಿದೆ ಎನ್ನುವುದನ್ನೂ ಮರೆಯಬಾರದು.

ಅದೇ ಮೈಸೂರಿನಲ್ಲಿ ಅದೇ ವರ್ಷಗಳಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಲೈಂಗಿಕ ಕಾರ್ಯಕರ್ತೆಯರೇ ಮುಂದೆ ನಿಂತು ಕಟ್ಟಿದ ‘ಆಶೋದಯ ಸಮಿತಿ’ ಕಾಂಡೋಮು ಹಂಚಿತು, ತಮ್ಮದೇ ಚಿಕಿತ್ಸಾಲಯ ನಡೆಸಿತು, ಪೊಲೀಸರ ಕಾಟವನ್ನು ಎದುರಿಸಿತು. 2004 ಮತ್ತು 2006ರ ಸಮೀಕ್ಷೆಗಳನ್ನು ಹೋಲಿಸಿದರೆ ಆ ಮಹಿಳೆಯರಲ್ಲಿ ಸಿಫಿಲಿಸ್ ಶೇ. 25ರಿಂದ 12ಕ್ಕೆ, ಗೊನೊರಿಯಾ ಶೇ. 5ರಿಂದ 2ಕ್ಕೆ ಇಳಿದಿತ್ತು. ಅಪರೂಪದ ಗಿರಾಕಿಗಳ ಜೊತೆ ಕಾಂಡೋಮ್ ಬಳಕೆ ಶೇ. 65ರಿಂದ 90ಕ್ಕೆ ಏರಿತ್ತು. ಲಾಕ್ ಆಸ್ಪತ್ರೆಯಲ್ಲಿ ಬೀಗ ಹಾಕಿ ಆಗದ್ದು ಇಲ್ಲಿ ಬೀಗವಿಲ್ಲದೆ ಆಯಿತು. 2004ರ ಏಪ್ರಿಲ್‌ನಿಂದ ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಗೆ ಉಚಿತ ಔಷಧಿಯೂ ಶುರುವಾಯಿತು. ರಾಜ್ಯದ ಬಸುರಿಯರಲ್ಲಿ 2000ದ ದಶಕದ ಆರಂಭದಲ್ಲಿ ಶೇ. 1ಕ್ಕೂ ಮೇಲಿದ್ದ ಸೋಂಕು, 2010ರ ದಶಕದ ಮಧ್ಯದ ಹೊತ್ತಿಗೆ ಶೇ. 0.5ಕ್ಕಿಂತ ಕೆಳಗೆ ಬಂತು. ಸುನ್ನತಿಯ ಕಾರ್ಯಕ್ರಮ ಇಲ್ಲಿ ನಡೆಯಲೇ ಇಲ್ಲ.

ಇಲ್ಲೊಂದು ಸಣ್ಣ ಗಣಿತ. ಕಿಸುಮುವಿನಲ್ಲಿ ಎರಡು ವರ್ಷದಲ್ಲಿ ನೂರಕ್ಕೆ ನಾಲ್ವರಿಗೆ ಬರುತ್ತಿದ್ದ ಸೋಂಕು ಇಬ್ಬರಿಗೆ ಇಳಿಯಿತು. ಎಂದರೆ ಐವತ್ತು ಶಸ್ತ್ರಕ್ರಿಯೆಗೆ ಒಬ್ಬ ಬಚಾವು. ಸೋಂಕೇ ಬಹಳ ವಿರಳವಾಗಿರುವ ಕಡೆ ಅದೇ ಅರ್ಧದ ಲೆಕ್ಕ ಹಾಕಿದರೆ, ಒಬ್ಬನನ್ನು ಉಳಿಸಲು ಸಾವಿರಾರು ಮಂದಿಗೆ ಕತ್ತರಿ ಹಾಕಬೇಕಾಗುತ್ತದೆ. ಅದೇ ಚಾಕು, ಅದೇ ಚರ್ಮ, ಊರು ಬೇರೆಯಾದರೆ ಲೆಕ್ಕವೇ ಬೇರೆ.

ಧರ್ಮಾಚರಣೆಯಾಗಿ ಮಾಡಿಸುವವರಿಗೆ ಒಂದು ಮಾತು. ಕರಾವಳಿಯಲ್ಲಿ ಒಸ್ತಾ, ಬೇರೆಡೆ ಹಜಾಮ, ಈಗ ಹೆಚ್ಚಾಗಿ ವೈದ್ಯರು ಈ ಕೆಲಸ ಮಾಡುತ್ತಾರೆ. ಯಾರೇ ಮಾಡಲಿ, ಒಂದು ಮಗುವಿಗೆ ಬಳಸಿದ ಅಲಗು ಶುದ್ಧೀಕರಿಸದೆ ಇನ್ನೊಂದಕ್ಕೆ ಹೋಗಬಾರದು. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ, ಎಚ್‌ಐವಿ ಎರಡಕ್ಕೂ ಅದೇ ರಾಜಮಾರ್ಗ. ರಕ್ತ ಹೆಪ್ಪುಗಟ್ಟದ ಕಾಯಿಲೆ ಮನೆತನದಲ್ಲಿದೆಯೇ ಎಂದು ಮೊದಲೇ ಕೇಳಬೇಕು. ದೊಡ್ಡವರಾದರೆ ಗಾಯ ಪೂರ್ತಿ ಮಾಯುವ ತನಕ, ಸುಮಾರು ಆರು ವಾರ, ಸಂಭೋಗ ಕೂಡದು. ಸುನ್ನತಿಯಾಗದವರು ಸ್ನಾನದಲ್ಲಿ ಮುಂದೊಗಲು ಹಿಂದೆ ಸರಿಸಿ ನೀರಿನಿಂದ ತೊಳೆದು, ಮತ್ತೆ ಮುಂದಕ್ಕೆ ತಂದರೆ ಕೊಳೆಯ ಪ್ರಶ್ನೆ ತೀರಿತು. ಆದರೆ ತೊಳೆದುಕೊಂಡರೆ ಲೈಂಗಿಕ ರೋಗ ಬರದು ಎಂದುಕೊಳ್ಳಬೇಡಿ, ಅದಕ್ಕೆ ಕಾಂಡೋಮೇ ಬೇಕು. ಹುಣ್ಣೋ ಸ್ರಾವವೋ ಕಂಡರೆ ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ’ ಚಿಕಿತ್ಸಾಲಯಗಳಲ್ಲಿ ಔಷಧಿ ಉಚಿತ. 1097ಕ್ಕೆ ಫೋನ್ ಮಾಡಿದರೆ ಎಚ್‌ಐವಿ ಬಗ್ಗೆ ಹೆಸರು ಹೇಳದೆಯೇ ಕೇಳಬಹುದು.

ಶ್ರೀನಗರದ ಮಗುವಿನ ವಿಷಯ ಹೇಳಬೇಕಲ್ಲ. ಮೂರು ವರ್ಷಕ್ಕೆ ಮುಂದೊಗಲು ಸರಿಯದಿರುವುದು ರೋಗವಲ್ಲ ಎಂದು ಅವರಿಗೆ ವಿವರಿಸಿ, ಮಕ್ಕಳ ಶಸ್ತ್ರವೈದ್ಯರೊಬ್ಬರಿಗೆ ತೋರಿಸಲು ಹೇಳಿದೆ. ಮೂತ್ರ ಪರೀಕ್ಷೆಯಲ್ಲಿ ಸೋಂಕು ಇರಲಿಲ್ಲ. ಜ್ವರ ನೆಗಡಿಯದು, ಆ ಹೊತ್ತಿಗೆ ಬಿಟ್ಟಿತ್ತು. ಮೂತ್ರ ಹೊಯ್ಯುವಾಗ ಅಳುತ್ತಾನೆಯೇ, ಧಾರೆ ಸರಿಯಾಗಿ ಬರುತ್ತದೆಯೇ, ತುದಿಯಲ್ಲಿ ಬಿಳಿಯ ಗಡುಸು ಕಲೆ ಇದೆಯೇ ಎಂದು ವೈದ್ಯರು ನೋಡಿದರು. ಹಾಗೇನೂ ಇರಲಿಲ್ಲ. ಬಲವಂತವಾಗಿ ಎಳೆಯಬೇಡಿ, ಎಳೆದರೆ ಬಿರಿದು ಗಾಯವಾಗಿ ಆಗ ನಿಜವಾದ ಫೈಮೋಸಿಸ್ ಬರುತ್ತದೆ ಎಂದರು. ದೊಡ್ಡವನಾದ ಮೇಲೂ ಬಿಗಿಯಾಗಿಯೇ ಉಳಿದರೆ ಕೆಲವು ವಾರ ಸ್ಟೀರಾಯ್ಡ್ ಮುಲಾಮು ಹಚ್ಚಿ ನೋಡುವುದು, ಬಹುಪಾಲು ಮಕ್ಕಳಿಗೆ ಅಷ್ಟೇ ಸಾಕು, ಕತ್ತರಿ ಅದೂ ಸೋತಾಗ ಎಂದೂ ಹೇಳಿ ಕಳಿಸಿದರು. ತುಪ್ಪ ಸವರಿದ ಕೊಳವೆಯ ಜಾಗಕ್ಕೆ ಮುಲಾಮು ಬಂದಿದೆ. ಆ ತಾಯಿ ನರ್ಸಿಂಗ್ ಹೋಮಿನ ಚೀಟಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು.